ದಾರಿ ತಪ್ಪಿದ ಹಕ್ಕಿಯ ಸುದ್ದಿ

ಇಂಗ್ಲೆಂಡಿನ ನೈಋತ್ಯ ಮೂಲೆಯ ಪೆನ್‌ಜಾನ್ಸ್ ಬಂದರಿನಲ್ಲಿ ಅಕ್ಟೋಬರ್ ತಿಂಗಳ ಬೆಳಿಗ್ಗೆ ಹಡಗು ಹತ್ತಲು ನಿಂತವರಲ್ಲಿ ಎರಡು ಪಂಗಡ. ಒಂದು ಪಂಗಡಕ್ಕೆ ಸೂಟ್‌ಕೇಸು, ನಾಯಿ, ಮೊಮ್ಮಕ್ಕಳು. ಇನ್ನೊಂದಕ್ಕೆ ಮಾಸಲು ಹಸಿರು ಜಾಕೆಟ್ಟು, ಕೊರಳಲ್ಲಿ ಬೈನಾಕ್ಯುಲರ್, ಹೆಗಲ ಮೇಲೆ ಟ್ರೈಪಾಡ್ ಸಮೇತ ಟೆಲಿಸ್ಕೋಪು. ಈ ಎರಡನೆಯವರು ಎದುರಾದರೆ ಕುಶಲ ಕೇಳುವುದು ಆಮೇಲೆ, ಮೊದಲ ಮಾತು, “ಏನಾದರೂ ಬಂದಿದೆಯಾ?”

ಹಡಗಿನ ಹೆಸರು ಸಿಲೋನಿಯನ್-3. ನೀರಿಗಿಳಿದದ್ದು 1977ರಲ್ಲಿ. ಅದು ಹೋಗುವ ಸಿಲಿ ದ್ವೀಪಗಳ ಸುತ್ತ ನೀರಿನ ಆಳ ಕಡಿಮೆ, ಹಾಗಾಗಿ ತಳ ಹೆಚ್ಚು ಮುಳುಗದಂತೆ ಕಟ್ಟಿದ್ದಾರೆ. ಅದರ ಫಲವಾಗಿ ಅಟ್ಲಾಂಟಿಕ್ ಸ್ವಲ್ಪ ಮುನಿಸಿಕೊಂಡರೂ ಎಡಕ್ಕೂ ಬಲಕ್ಕೂ ಹೊಯ್ದಾಡುತ್ತದೆ. ಹೊಟ್ಟೆಯಲ್ಲಿರುವುದನ್ನೆಲ್ಲ ಹೊರಹಾಕಿಸುವ ಬಿಳಿ ಪಂಪು ಎಂಬರ್ಥದ ಅಡ್ಡಹೆಸರೂ ಇದಕ್ಕೆ ಅಂಟಿಕೊಂಡಿದೆ. ಪ್ರಯಾಣ ಮೂರು ಗಂಟೆಗೆ ಸ್ವಲ್ಪ ಕಡಿಮೆ. ತಲೆಸುತ್ತು ಬಾರದವರು ಕಟಕಟೆ ಹಿಡಿದು ನಿಂತು, ಅಲೆಯ ನೆತ್ತಿ ಸವರಿಕೊಂಡು ಹಾರುವ ಶಿಯರ್‌ವಾಟರ್ ಹಕ್ಕಿಗಳನ್ನು ಹುಡುಕುತ್ತಾರೆ. ಬರುವವರು ಕೆಳಗಿನ ಡೆಕ್ಕಿನಲ್ಲಿ ಕಣ್ಣುಮುಚ್ಚಿ ಮಲಗಿರುತ್ತಾರೆ. ಅವರಲ್ಲೂ ಕೆಲವರ ಕೊರಳಲ್ಲಿ ಬೈನಾಕ್ಯುಲರ್ ಇರುತ್ತದೆ.

ಲ್ಯಾಂಡ್ಸ್ ಎಂಡ್ ಭೂಶಿರದಿಂದ ಸುಮಾರು 45 ಕಿ.ಮೀ. ಆಚೆ ಇರುವ ಈ ದ್ವೀಪಸಮೂಹದಲ್ಲಿ ಜನ ಇರುವುದು ಐದರಲ್ಲಿ ಮಾತ್ರ: ಸೇಂಟ್ ಮೇರೀಸ್, ಟ್ರೆಸ್ಕೊ, ಬ್ರಾಯರ್, ಸೇಂಟ್ ಮಾರ್ಟಿನ್ಸ್, ಸೇಂಟ್ ಆಗ್ನೆಸ್. ಎಲ್ಲ ಸೇರಿ ಎರಡು ಸಾವಿರ ಚಿಲ್ಲರೆ ಜನ. ಪ್ರವಾಸೋದ್ಯಮ ಬಿಟ್ಟರೆ ಇಲ್ಲಿನವರಿಗೆ ಗೊತ್ತಿರುವ ಕಸುಬು ಹೂವಿನ ಬೇಸಾಯ. ಉಳಿದ ಇಂಗ್ಲೆಂಡ್ ಚಳಿಗೆ ಮುದುಡಿ ಕೂತಿರುವಾಗ ಇಲ್ಲಿ ನಾರ್ಸಿಸಸ್ ಅರಳುತ್ತದೆ. ಆ ಹೂವಿಗೆ ಉಪ್ಪುಗಾಳಿ ತಾಗಬಾರದೆಂದು ಹೊಲಗಳನ್ನು ಅಂಗಳದಷ್ಟು ಚಿಕ್ಕದಾಗಿ ತುಂಡರಿಸಿ, ಒಂದೊಂದರ ಸುತ್ತಲೂ ಆಳೆತ್ತರ ಮೀರುವ ಬೇಲಿ ಬೆಳೆಸಿದ್ದಾರೆ. ಬೇಲಿಯ ಗಿಡಗಳಲ್ಲಿ ಮುಖ್ಯವಾದದ್ದು ನ್ಯೂಜಿಲೆಂಡಿನಿಂದ ತಂದ ಪಿಟ್ಟೊಸ್ಪೋರಮ್. ವರ್ಷವಿಡೀ ಎಲೆ ಉದುರದ ಗಿಡ. ಹೂವಿಗಾಗಿ ಕಟ್ಟಿದ ಈ ಏರ್ಪಾಟು ಹಕ್ಕಿಗಳಿಗೆ ಒದಗಿಬಂತು. ಸಾಗರದ ಮೇಲೆ ಹಾರಿ ಸೋತುಬಂದ ಪುಟ್ಟ ಜೀವಕ್ಕೆ ಮೊದಲು ಕಾಣುವ ನೆಲ ಇದು. ಆ ನೆಲದಲ್ಲಿ ಗಾಳಿ ತಾಗದ ಮರೆಯಿದೆ, ಆ ಮರೆಯಲ್ಲಿ ಅಕ್ಟೋಬರ್‌ನಲ್ಲೂ ನೊಣ ಸೊಳ್ಳೆಗಳಿವೆ.

ಸೋತುಬರುವವು ಎರಡು ವಿರುದ್ಧ ದಿಕ್ಕಿನಿಂದ. ಪೂರ್ವದಿಂದ ಬರುವವು ಸೈಬೀರಿಯದ ಕಾಡಿನವು, ಬಹುಪಾಲು ಅದೇ ಬೇಸಿಗೆಯಲ್ಲಿ ಹುಟ್ಟಿದ ಮರಿಗಳು. ಸಣ್ಣ ಹಾಡುಹಕ್ಕಿಗಳಿಗೆ ಅಪ್ಪ ಅಮ್ಮ ದಾರಿ ತೋರಿಸುವ ಪದ್ಧತಿಯಿಲ್ಲ. ಯಾವ ದಿಕ್ಕಿಗೆ, ಎಷ್ಟು ದಿನ ಹಾರಬೇಕೆಂಬುದು ರಕ್ತದಲ್ಲೇ ಬರುತ್ತದೆ. ಆಗ್ನೇಯಕ್ಕೆ ಹೋಗಬೇಕಾದದ್ದು ಒಮ್ಮೊಮ್ಮೆ ಪಶ್ಚಿಮಕ್ಕೆ ಹೊರಟುಬಿಡುತ್ತದೆ.

ಪಶ್ಚಿಮದಿಂದ ಬರುವವುಗಳ ಕಥೆ ಬೇರೆ. ಉತ್ತರ ಅಮೆರಿಕದ ಬ್ಲ್ಯಾಕ್‌ಪೋಲ್ ವಾರ್ಬ್ಲರ್ ತೂಗುವುದು ಸುಮಾರು 12 ಗ್ರಾಂ. ಶರತ್ಕಾಲ ಬಂದರೆ ಅದು ಮೈಯಲ್ಲಿ ಕೊಬ್ಬು ತುಂಬಿಕೊಂಡು, ನೋವಾ ಸ್ಕೋಷಿಯಾ ಕಡೆಯ ಕರಾವಳಿಯಿಂದ ನೇರ ಅಟ್ಲಾಂಟಿಕ್ ಮೇಲೆ ಹೊರಟು ಕೆರಿಬಿಯನ್ ದ್ವೀಪಗಳಲ್ಲಿ ಇಳಿಯುತ್ತದೆ. ಹಕ್ಕಿಯ ಬೆನ್ನಿಗೆ ಪುಟ್ಟ ಉಪಕರಣ ಕಟ್ಟಿ ಅಳೆದ ಲೆಕ್ಕ 2015ರಲ್ಲಿ ಪ್ರಕಟವಾಯಿತು: ಎರಡರಿಂದ ಮೂರು ದಿನ ಎಲ್ಲಿಯೂ ಇಳಿಯದೆ 2,270ರಿಂದ 2,770 ಕಿ.ಮೀ. ಈ ನಡುವೆ ವಾಯುಭಾರ ಕುಸಿತವೊಂದು ವೇಗವಾಗಿ ಪೂರ್ವಕ್ಕೆ ಸರಿದರೆ ಹಕ್ಕಿಯೂ ಅದರ ಜೊತೆ ಸರಿಯುತ್ತದೆ. ಬಹುತೇಕ ಹಕ್ಕಿಗಳು ಸಮುದ್ರದ ಪಾಲು. ಬದುಕಿದ ಒಂದೆರಡು ಯುರೋಪಿನ ಅಂಚಿಗೆ ಬಂದು ಬೀಳುತ್ತವೆ. ಬ್ರಿಟನ್ನಿನ ಮೊದಲ ಬ್ಲ್ಯಾಕ್‌ಪೋಲ್ ವಾರ್ಬ್ಲರ್ ಸಿಕ್ಕಿದ್ದು 1968ರ ಅಕ್ಟೋಬರ್‌ನಲ್ಲಿ, ಇದೇ ಸೇಂಟ್ ಆಗ್ನೆಸ್‌ನಲ್ಲಿ.

ಇಂಥ ಕಡೆ ಸುದ್ದಿಗಿಂತ ದೊಡ್ಡ ಸರಕಿಲ್ಲ. ಬೇಲಿಯೊಳಗಿನ ಹಕ್ಕಿ ನಾಳೆ ಇರುತ್ತದೆಂಬ ಖಾತ್ರಿಯಿಲ್ಲ. ನೋಡಿದವನು ಹೇಳದಿದ್ದರೆ ಪಕ್ಕದ ಹೊಲದಲ್ಲಿರುವವನಿಗೂ ಅದು ಬಂದದ್ದು ಗೊತ್ತಾಗುವುದಿಲ್ಲ. 80ರ ದಶಕದಲ್ಲಿ, ಅಕ್ಟೋಬರ್‌ನ ನಡು ವಾರಗಳಲ್ಲಿ, ಸಾವಿರದ ಹತ್ತಿರ ಪಕ್ಷಿವೀಕ್ಷಕರು ಈ ದ್ವೀಪಗಳಲ್ಲಿ ಬೀಡುಬಿಡುತ್ತಿದ್ದರು. ಲಾರಿ ಚಾಲಕರು ಬಳಸುವಂಥ ಸಿಬಿ ರೇಡಿಯೊಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗುತ್ತಿದ್ದರು. ಒಬ್ಬ ಉಸುರಿದರೆ ಸಾಕು, ಸೇಂಟ್ ಮೇರೀಸ್‌ನ ಕಿರಿದಾದ ಓಣಿಗಳಲ್ಲಿ ಜನ ಓಡುತ್ತಿದ್ದರು. ಹಕ್ಕಿ ಬೇರೆ ದ್ವೀಪದಲ್ಲಿದ್ದರೆ ದೋಣಿಯವರು ಸ್ಪೆಷಲ್ ಟ್ರಿಪ್ ಬಿಡುತ್ತಿದ್ದರು. ಅಕ್ಟೋಬರ್ ಎಂದರೆ ಪ್ರವಾಸಿಗಳು ಮನೆಗೆ ಮರಳುವ ತಿಂಗಳು. ಆ ಖಾಲಿ ತಿಂಗಳಿನಲ್ಲಿ ಲಾಡ್ಜು, ಹೋಟೆಲು, ದೋಣಿಗಳಿಗೆ ಗಿರಾಕಿ ಒದಗಿಸಿದ್ದು ಸೈಬೀರಿಯದ ಮರಿಹಕ್ಕಿಗಳು.

ಸಂಜೆಯ ಕಲಾಪ ಸೇಂಟ್ ಮೇರೀಸ್‌ನ ಹ್ಯೂ ಟೌನ್ ಪಟ್ಟಣದಲ್ಲಿ, ಬಿಯರ್ ಗ್ಲಾಸುಗಳ ನಡುವೆ. ಒಬ್ಬರು ಎದ್ದುನಿಂತು ಪಟ್ಟಿ ಹಿಡಿದು ಒಂದೊಂದೇ ಹಕ್ಕಿಯ ಹೆಸರು ಕೂಗುತ್ತಾರೆ, ಸಭೆ ಉತ್ತರ ಕೊಡುತ್ತದೆ. “ಕೆಂಪು ಎದೆಯ ನೊಣಹಿಡುಕ?” “ಹೋಲಿ ವೇಲ್‌ನಲ್ಲಿ ಒಂದು.” “ಅದೇನಾ ನಿನ್ನೆ ಗ್ಯಾರಿಸನ್‌ನಲ್ಲಿದ್ದದ್ದು?” “ಅಲ್ಲ, ಅದು ಇನ್ನೂ ಅಲ್ಲೇ ಇದೆ.” ಬರೆದುಕೊಳ್ಳುವವನು ಒಂದನ್ನು ಎರಡು ಮಾಡುತ್ತಾನೆ. ಎಂದೂ ಕೇಳದ ಹೆಸರೊಂದನ್ನು ಯಾರಾದರೂ ಹಿಂದಿನ ಸಾಲಿನಿಂದ ಹೇಳಿದರೆ ಮಾತ್ರ ಎಲ್ಲರ ಕತ್ತೂ ಆ ಕಡೆ ತಿರುಗುತ್ತದೆ. ಕೊಕ್ಕು ಹೇಗಿತ್ತು? ಕಾಲಿನ ಬಣ್ಣ? ಬೆಳಕು ಯಾವ ಕಡೆಯಿಂದ? ಜೊತೆಗೆ ಯಾರಿದ್ದರು? ಪೊಲೀಸ್ ಠಾಣೆಯಲ್ಲೂ ಇಷ್ಟು ಪ್ರಶ್ನೆ ಕೇಳುವುದು ಅನುಮಾನ.

ಇಷ್ಟು ಅನುಮಾನಕ್ಕೆ ಕಾರಣವಿದೆ. 1892ರಿಂದ 1930ರವರೆಗೆ ಇಂಗ್ಲೆಂಡಿನ ಹೇಸ್ಟಿಂಗ್ಸ್ ಪಟ್ಟಣದ ಸುತ್ತಮುತ್ತ ಅಪರೂಪದ ಹಕ್ಕಿಗಳು ಸಾಲುಸಾಲಾಗಿ ‘ಸಿಕ್ಕವು’. ಬಹುತೇಕ ಎಲ್ಲವೂ ಹಾದುಬಂದದ್ದು ಜಾರ್ಜ್ ಬ್ರಿಸ್ಟೋ ಎಂಬ, ಸತ್ತ ಹಕ್ಕಿಗಳಿಗೆ ಹುಲ್ಲು ತುಂಬಿ ಮಾರುವವನ ಅಂಗಡಿಯಿಂದ. ಸಿರಿವಂತ ಸಂಗ್ರಾಹಕರು ಬ್ರಿಟನ್ನಿನ ನೆಲದಲ್ಲೇ ಹೊಡೆದ ಹಕ್ಕಿ ಎಂದರೆ ಕೈತುಂಬ ಹಣ ಕೊಡುತ್ತಿದ್ದ ಕಾಲ. ಹೊರದೇಶದಲ್ಲಿ ಹೊಡೆದು ಮಂಜುಗಡ್ಡೆಯಲ್ಲಿಟ್ಟು ಹಡಗಿನಲ್ಲಿ ತರಿಸಿದ್ದಿರಬೇಕು ಎಂಬ ಗುಮಾನಿ ಬಹಳ ಕಾಲ ಇತ್ತು. ಕೊನೆಗೆ 1962ರಲ್ಲಿ ‘ಬ್ರಿಟಿಷ್ ಬರ್ಡ್ಸ್’ ಪತ್ರಿಕೆ ಇಡೀ ಪ್ರಕರಣವನ್ನು ಬಯಲಿಗೆಳೆಯಿತು. ಜಾನ್ ನೆಲ್ಡರ್ ಎಂಬ ಸಂಖ್ಯಾಶಾಸ್ತ್ರಜ್ಞ ಅದೇ ಅವಧಿಯ ಅಕ್ಕಪಕ್ಕದ ಊರುಗಳ ದಾಖಲೆಗಳ ಜೊತೆ ಹೇಸ್ಟಿಂಗ್ಸ್‌ನದನ್ನು ಹೋಲಿಸಿ, ಇಷ್ಟೊಂದು ಅದೃಷ್ಟ ಒಂದೇ ಊರಿಗೆ ಒಲಿಯುವುದು ಸಾಧ್ಯವಿಲ್ಲವೆಂದು ತೋರಿಸಿದ. ಸುಮಾರು ಆರು ನೂರು ದಾಖಲೆಗಳನ್ನು ಅಳಿಸಿಹಾಕಿದರು. ಬ್ರಿಸ್ಟೋ ಅಷ್ಟರಲ್ಲಿ ತೀರಿಕೊಂಡು ವರ್ಷಗಳೇ ಆಗಿದ್ದವು. ತಮಾಷೆಯೆಂದರೆ, ಹಾಗೆ ಅಳಿಸಿದ ಹಲವು ಜಾತಿಯ ಹಕ್ಕಿಗಳು ಆಮೇಲೆ ತಾವಾಗಿಯೇ ಬ್ರಿಟನ್ನಿಗೆ ಬಂದು, ಪಟ್ಟಿಯಲ್ಲಿ ಮತ್ತೆ ಜಾಗ ಗಿಟ್ಟಿಸಿದವು.

ಬಂದೂಕಿನ ಕಾಲ ಮುಗಿದ ಮೇಲೆ ಸಾಕ್ಷಿಯಾಗಿ ಉಳಿದದ್ದು ಮಾತು ಮಾತ್ರ. ಅದನ್ನು ಜರಡಿ ಹಿಡಿಯಲು 1959ರಲ್ಲಿ ಅಪರೂಪದ ಹಕ್ಕಿಗಳ ಸಮಿತಿಯೊಂದು ಹುಟ್ಟಿತು. ಮತ ಹಾಕುವ ಸದಸ್ಯರು ಹತ್ತು ಮಂದಿ. ಹಕ್ಕಿ ಕಂಡವರು ನೋಡಿದ್ದನ್ನೆಲ್ಲ ಬರೆದು ಕಳಿಸಬೇಕು, ಸಮಿತಿ ಒಪ್ಪಬೇಕು. ಬೇಕೆಂದೇ ಸುಳ್ಳು ಹೇಳುವವರು ಕಡಿಮೆ. ಕಾಣಬೇಕೆಂಬ ಆಸೆಯಿಂದಲೇ ಕಂಡುಬಿಡುವವರು ಹೆಚ್ಚು, ಅವರನ್ನು ಹಿಡಿಯುವುದೂ ಕಷ್ಟ. ಅಂಥವರ ಹೆಸರು ಒಮ್ಮೆ ಕೆಟ್ಟರೆ ಆಮೇಲೆ ನಿಜವಾದ ಹಕ್ಕಿ ಕಂಡರೂ ಯಾರೂ ಓಡಿಬರುವುದಿಲ್ಲ.

ದ್ವೀಪದ ಹೊರಗೆ ಸುದ್ದಿ ಹರಡುವ ಬಗೆಯೂ ವಿಚಿತ್ರವಾಗಿತ್ತು. ಇಂಗ್ಲೆಂಡಿನ ಇನ್ನೊಂದು ಅಂಚಿನಲ್ಲಿ, ನಾರ್ಫಕ್ ಕರಾವಳಿಯ ಕ್ಲೈ ಎಂಬ ಹಳ್ಳಿಯಲ್ಲಿ, ನ್ಯಾನ್ಸಿ ಗಲ್ ಎಂಬಾಕೆ ಗಂಡ ಜಾಕ್ ಜೊತೆ ತಮ್ಮ ಮನೆಯಲ್ಲೇ ಸಣ್ಣದೊಂದು ಕೆಫೆ ನಡೆಸುತ್ತಿದ್ದರು. (ಗಲ್ ಎಂದರೆ ಕಡಲಕ್ಕಿ, ಕಥೆಗಾರನೊಬ್ಬ ಇಂಥ ಹೆಸರಿಟ್ಟಿದ್ದರೆ ಸಂಪಾದಕರು ಹೊಡೆದುಹಾಕುತ್ತಿದ್ದರು.) ಅಲ್ಲಿದ್ದ ಫೋನಿಗೆ ದೇಶದ ಮೂಲೆಮೂಲೆಯಿಂದ ಪಕ್ಷಿವೀಕ್ಷಕರ ಕರೆ ಬರುತ್ತಿತ್ತು. ಫೋನಿನ ಹತ್ತಿರ ಕೂತವರು ರಿಸೀವರ್ ಎತ್ತಬೇಕು, ಪಕ್ಕದ ಪುಸ್ತಕದಲ್ಲಿ ಬರೆದದ್ದನ್ನು ಓದಿಹೇಳಬೇಕು, ಆ ಕಡೆಯವರು ಹೊಸದೇನಾದರೂ ಹೇಳಿದರೆ ಬರೆದುಕೊಳ್ಳಬೇಕು. ತಟ್ಟೆಯಲ್ಲಿನ ತಿಂಡಿ ಆರಿಹೋದರೂ ಇದು ಧರ್ಮ. ಯಾರೂ ನೇಮಿಸದ, ಸಂಬಳವಿಲ್ಲದ ಈ ಟೆಲಿಫೋನ್ ಎಕ್ಸ್‌ಚೇಂಜು ವರ್ಷಗಟ್ಟಲೆ ನಡೆಯಿತು. 1988ರ ಕೊನೆಯಲ್ಲಿ ಕೆಫೆ ಮುಚ್ಚಿತು. ಅಷ್ಟರಲ್ಲಿ ಹಣ ಕೊಟ್ಟು ಕೇಳುವ ಧ್ವನಿಮುದ್ರಿತ ಫೋನ್ ಸೇವೆ ಬಂದಿತ್ತು, 90ರ ದಶಕದಲ್ಲಿ ಪೇಜರ್ ಬಂತು, ಈಗ ವಾಟ್ಸ್‌ಆ್ಯಪ್.

ಸಿಲಿಯ ಕಥೆ ಹೇಳುವಾಗ ಡೇವಿಡ್ ಹಂಟ್ ಅವರನ್ನು ಬಿಡಲಾಗದು, ಅದರಲ್ಲೂ ಭಾರತದ ಓದುಗರಿಗೆ. 60ರ ದಶಕದಲ್ಲಿ ಟ್ರೆಸ್ಕೊ ದ್ವೀಪದ ಹೋಟೆಲಿಗೆ ತೋಟಗಾರನಾಗಿ ಬಂದವರು ಅವರು. ಸಂಗೀತ ನುಡಿಸುತ್ತಿದ್ದರು. ಆಮೇಲೆ ಪ್ರವಾಸಿಗಳನ್ನು ಹಕ್ಕಿ ತೋರಿಸಲು ಕರೆದೊಯ್ಯುವುದನ್ನೇ ವೃತ್ತಿ ಮಾಡಿಕೊಂಡರು, ಸಂಜೆ ಸ್ಲೈಡ್ ಹಾಕಿ ಮಾತಾಡುತ್ತಿದ್ದರು. 1985ರ ಫೆಬ್ರವರಿಯಲ್ಲಿ ತಂಡವೊಂದನ್ನು ಕರೆದುಕೊಂಡು ಕಾರ್ಬೆಟ್ ರಾಷ್ಟ್ರೀಯ ಉದ್ಯಾನಕ್ಕೆ ಬಂದಿದ್ದಾಗ ಹಕ್ಕಿಯೊಂದನ್ನು ಹುಡುಕುತ್ತ ತಂಡದಿಂದ ಸ್ವಲ್ಪ ಆಚೆ ಹೋದರು. ಹುಲಿ ಅವರನ್ನು ಕೊಂದಿತು. ಅವರ ಆತ್ಮಕಥೆ ಹೊರಬಂದದ್ದು ಅವರು ಇಲ್ಲವಾದ ಮೇಲೆ.

ಈ ದ್ವೀಪಗಳಲ್ಲಿ ಅಲೆಯುವ ಕನ್ನಡಿಗ ಪಕ್ಷಿವೀಕ್ಷಕನಿಗೆ ಇರಿಸುಮುರಿಸಾಗುವ ಪ್ರಸಂಗಗಳೂ ಇವೆ. 1999ರ ಅಕ್ಟೋಬರ್‌ನಲ್ಲಿ ಹಾವು ತಿನ್ನುವ ಹದ್ದೊಂದು, ಶಾರ್ಟ್‌ ಟೋಡ್ ಸ್ನೇಕ್ ಈಗಲ್, ಸಿಲಿಯ ಮೇಲೆ ಕೆಲವು ದಿನ ಸುತ್ತಾಡಿತು. ಬ್ರಿಟನ್ನಿಗೆ ಅದೇ ಮೊದಲು. ಹೆಗಲಿಗೆ ಹೆಗಲು ತಾಗಿಸಿ ನಿಂತು ಜನ ಆಕಾಶ ನೋಡಿದರು. ಸಿಲಿಯಲ್ಲಿ ಹಾವುಗಳೇ ಇಲ್ಲ ಎಂಬುದು ಬೇರೆ ಮಾತು. ಅದೇ ಹದ್ದು ಬೆಂಗಳೂರಿನ ಹೆಸರಘಟ್ಟದ ಹುಲ್ಲುಗಾವಲಿನ ಮೇಲೆ ಗಾಳಿಗೆ ಮುಖಕೊಟ್ಟು ನಿಂತಲ್ಲೇ ರೆಕ್ಕೆ ಬಡಿಯುವುದನ್ನು ಭಾನುವಾರದ ಬೆಳಿಗ್ಗೆ ಹೋದವರೆಲ್ಲ ನೋಡಿದ್ದಾರೆ. ಗುಲಾಬಿ ಕಬ್ಬಕ್ಕಿಯದೂ ಇದೇ ಕಥೆ. ಶರತ್ಕಾಲದಲ್ಲಿ ಮಣ್ಣುಬಣ್ಣದ ಮರಿಯೊಂದು ಸಿಲಿಯ ಛಾವಣಿಯ ಮೇಲೆ ಕೂತರೆ ಕ್ಯಾಮೆರಾಗಳು ಸುತ್ತುವರಿಯುತ್ತವೆ. ನಮ್ಮ ಉತ್ತರ ಕರ್ನಾಟಕದ ಜೋಳದ ಹೊಲಗಳಿಗೆ ಅದು ಬರುವುದು ಹಿಂಡುಹಿಂಡಾಗಿ. ಅಲ್ಲಿ ಅದನ್ನು ನೋಡಿ ರೈತ ಕವಣೆ ಬೀಸುತ್ತಾನೆ.

ನಮ್ಮಲ್ಲಿ ಮೊದಲು ಹಂಚಿಕೊಂಡದ್ದು ಬೇರೆ ಬಗೆಯ ಸುದ್ದಿ. ಬೆಂಗಳೂರಿನ ನ್ಯಾಷನಲ್ ಸೆಂಟರ್ ಫಾರ್ ಬಯಲಾಜಿಕಲ್ ಸೈನ್ಸಸ್ 2007ರಲ್ಲಿ ಮೈಗ್ರಂಟ್‌ವಾಚ್ ಎಂಬ ಕಾರ್ಯಕ್ರಮ ಶುರುಮಾಡಿ, ಚಳಿಗಾಲಕ್ಕೆ ಬರುವ ಕೆಲವು ಪರಿಚಿತ ಹಕ್ಕಿಗಳು ನಿಮ್ಮೂರಿನಲ್ಲಿ ಮೊದಲು ಕಂಡದ್ದು ಯಾವಾಗ ಎಂದು ಜನರನ್ನು ಕೇಳಿತು. ಚರಂಡಿಯ ಪಕ್ಕ ಬಾಲ ಕುಣಿಸುವ ಬೂದು ಸಿಪಿಲೆ ಸೆಪ್ಟೆಂಬರ್‌ನ ಯಾವ ದಿನ ಬಂತೆಂಬುದೂ ಸುದ್ದಿಯಾಯಿತು. ಅದಕ್ಕಾಗಿ ಯಾರೂ ಹಡಗು ಹತ್ತಲಿಲ್ಲ. ಆದರೆ ವಲಸೆಯ ಗಡಿಯಾರ ಹಿಂದೆ ಮುಂದೆ ಆಗುತ್ತಿದೆಯೇ ಎಂದು ತಿಳಿಯಲು ಸಾವಿರ ಜನ ನೋಡಿದ ಒಂದು ಅಪರೂಪದ ಹಕ್ಕಿಗಿಂತ, ಸಾವಿರ ಕಡೆ ನೋಡಿದ ಸಾಮಾನ್ಯ ಹಕ್ಕಿಯೇ ಹೆಚ್ಚು ಪ್ರಯೋಜನಕ್ಕೆ ಬರುತ್ತದೆ. ಟ್ವಿಚರ್ ಎಂದು ಕರೆಸಿಕೊಳ್ಳುವ ಬೇಟೆಗಾರ ಸ್ವಭಾವದವರಿಗೆ ಈ ಮಾತು ರುಚಿಸುವುದಿಲ್ಲ.

ಆದರೂ ಅವರನ್ನು ಪಟ್ಟಿ ತುಂಬುವ ಹುಚ್ಚರೆಂದು ತಳ್ಳಿಹಾಕುವ ಮುನ್ನ ಅವರ ಜೊತೆ ಒಂದು ಬೇಲಿಯ ಪಕ್ಕ ನಿಲ್ಲಬೇಕು. ಸೇಂಟ್ ಆಗ್ನೆಸ್‌ನ ಪಾರ್ಸನೇಜ್ ಎಂಬ ಹಳೆಯ ಪಾದ್ರಿಮನೆಯ ಹತ್ತಿರ ಸಿಕಮೋರ್ ಮರಗಳಿವೆ. ಎಲೆಗಳು ಹಳದಿಗೆ ತಿರುಗಿ, ಅಂಚು ಉಪ್ಪುಗಾಳಿಗೆ ಕರಟಿರುತ್ತವೆ. ಮೊದಲು ಕೇಳುವುದು ದನಿ: ಸಣ್ಣದು, ಚೂಪು, ಕೊನೆಯಲ್ಲಿ ಮೇಲೇರುವಂಥದ್ದು, ‘ಸುವೀಸ್ಟ್’. ಆಮೇಲೆ ಒಂದು ಎಲೆ ಗಾಳಿಯಿಲ್ಲದೆ ಅಲುಗುತ್ತದೆ. ಹಳದಿ ಹುಬ್ಬಿನ ಉಲಿಯಕ್ಕಿ. ನಮ್ಮ ಟುವ್ವಿಗಿಂತ ಚಿಕ್ಕದು. ತೂಕ ಐದು ರೂಪಾಯಿಯ ಒಂದು ನಾಣ್ಯದಷ್ಟು. ಮೈ ಪಾಚಿಹಸಿರು, ಕಣ್ಣಿನ ಮೇಲೆ ಕೆನೆಬಣ್ಣದ ಉದ್ದ ಗೆರೆ, ರೆಕ್ಕೆಗೆ ಅಡ್ಡಲಾಗಿ ಎರಡು ಪಟ್ಟೆ. ಒಂದೆಡೆ ಎರಡು ಕ್ಷಣ ನಿಲ್ಲುವುದಿಲ್ಲ. ಎಲೆಯ ಅಡಿಗೆ ಹಾರಿ, ಗಾಳಿಯಲ್ಲಿ ಒಂದು ಗಳಿಗೆ ತಡೆದು, ಹೇನಿನಂಥ ಹುಳವೊಂದನ್ನು ಕಿತ್ತು ಮತ್ತೆ ಮರೆ. ಉರಲ್ ಪರ್ವತದ ಆಚೆ ಹುಟ್ಟಿ, ಆಗ್ನೇಯ ಏಷ್ಯಾ ಕಡೆ ಹೋಗಬೇಕಿದ್ದ ಹಕ್ಕಿ ಇದು. ಮರದಡಿಯಲ್ಲಿ ನಿಂತ ನಾಲ್ಕಾರು ಜನ ಅದಿರುವ ಕೊಂಬೆಯನ್ನು ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ಒಬ್ಬರಿಗೊಬ್ಬರು ಪಿಸುಗುಡುತ್ತಾರೆ: ಎಡಗಡೆಯ ಮರ, ಹತ್ತು ಗಂಟೆ, ಒಣಗಿದ ಗೊಂಚಲಿನ ಕೆಳಗೆ. ತಾನು ನೋಡಿ ಮುಗಿಸಿದವನು ತನ್ನ ಟೆಲಿಸ್ಕೋಪಿನ ಮುಂದಿಂದ ಸರಿದು ಗುರುತಿಲ್ಲದವರಿಗೆ ಜಾಗ ಬಿಡುತ್ತಾನೆ.

ಈಗ ಹೀಗೆ ಮರದಡಿ ನಿಲ್ಲುವವರ ಸಂಖ್ಯೆ ಇಳಿದಿದೆ. ಹಕ್ಕಿಗಳ ಮೇಲಿನ ಆಸಕ್ತಿ ಕುಗ್ಗಿತೆಂದಲ್ಲ, ಸುದ್ದಿಯ ವೇಗ ಹೆಚ್ಚಿತು. ಹಿಂದೆ ಅಪರೂಪದ ಹಕ್ಕಿ ಬೇಕಿದ್ದರೆ ಅದು ಬರುವ ಕಡೆ ಹೋಗಿ ಎರಡು ವಾರ ಬಿದ್ದಿರಬೇಕಿತ್ತು. ಬಾರದಿದ್ದರೆ ಬೇಲಿ ಸುತ್ತಬೇಕಿತ್ತು. ಹಾಗೆ ಸುತ್ತಿದ್ದರಿಂದಲೇ ಹಕ್ಕಿಗಳು ಸಿಗುತ್ತಿದ್ದವು. ಈಗ ಬರ್ಮಿಂಗ್‌ಹ್ಯಾಮಿನ ಆಫೀಸಿನಲ್ಲಿ ಕೂತವನ ಫೋನಿಗೆ ನಿಮಿಷದಲ್ಲಿ ಫೋಟೊ ಬರುತ್ತದೆ. ಸುದ್ದಿ ಬಂದ ಮೇಲೆ ಹೊರಟರಾಯಿತು. ಜೊತೆಗೆ, ತಾವೇ ಹುಡುಕಬೇಕೆಂಬ ಛಲವಿರುವವರಲ್ಲಿ ಹಲವರು ಬ್ರಿಟನ್ನಿನ ಉತ್ತರ ತುದಿಯ ಶೆಟ್ಲೆಂಡ್ ದ್ವೀಪಗಳಿಗೆ ಹೋಗುತ್ತಾರೆ. ಸೈಬೀರಿಯದ ಹಕ್ಕಿಗಳಿಗೆ ಅದು ಇನ್ನೂ ಹತ್ತಿರ. ಹೀಗಾಗಿ ಸಿಲಿಯಲ್ಲಿ ಬೇಲಿ ಅಷ್ಟೇ ಇದೆ, ಬೇಲಿ ನೋಡುವ ಕಣ್ಣು ಕಡಿಮೆ. ಯಾರೂ ಹೋಗದ ಹೊಲಗಳಲ್ಲಿ ಏನೇನು ಬಂದು ಹೋಗುತ್ತಿದೆಯೋ!

ಹೇಗಿರುತ್ತದೆ ಈಗಿನ ಓಟ ಎಂಬುದಕ್ಕೆ 2022ರ ಅಕ್ಟೋಬರ್ ಸಾಕ್ಷಿ. ಬ್ರಾಯರ್ ದ್ವೀಪದಲ್ಲಿ ಒಂದು ಬ್ಲ್ಯಾಕ್‌ಬರ್ನಿಯನ್ ವಾರ್ಬ್ಲರ್ ಕಾಣಿಸಿಕೊಂಡಿತು. ಅಮೆರಿಕದ ಪೂರ್ವ ಭಾಗದ ಕಾಡುಗಳಲ್ಲಿ ಹುಟ್ಟಿ ಆಂಡೀಸ್ ಪರ್ವತಕ್ಕೆ ಚಳಿಗಾಲ ಕಳೆಯಲು ಹೋಗುವ, ಕೊರಳಿಗೆ ಕಿತ್ತಳೆ ಛಾಯೆಯ ಹಕ್ಕಿ. ರಾತ್ರಿಯಿಡೀ ಕಾರು ಓಡಿಸಿ, ಹಡಗಿಗೋ ಸಣ್ಣ ವಿಮಾನಕ್ಕೋ ಟಿಕೆಟ್ಟು ಹಿಡಿದು, ಸೇಂಟ್ ಮೇರೀಸ್‌ನಲ್ಲಿ ದೋಣಿ ಬದಲಿಸಿ ಜನ ಬ್ರಾಯರ್ ತಲುಪಿದರು. ಮರುವರ್ಷ, 2023ರ ಸೆಪ್ಟೆಂಬರ್‌ನಲ್ಲಿ, ಲೀ ಚಂಡಮಾರುತದ ಅವಶೇಷ ಅಟ್ಲಾಂಟಿಕ್ ದಾಟಿ ಬಂದಾಗ ಬ್ರಿಟನ್, ಐರ್ಲೆಂಡ್ ಎರಡರಲ್ಲೂ ಅಮೆರಿಕದ ಹಕ್ಕಿಗಳ ಸುರಿಮಳೆ. ಬ್ರಿಟನ್ನಿನ ಮೊದಲ ಕೆನಡಾ ವಾರ್ಬ್ಲರ್ ಸಿಕ್ಕಿದ್ದು ಸಿಲಿಯಲ್ಲಲ್ಲ, ವೇಲ್ಸ್‌ನ ಪೆಂಬ್ರೋಕ್‌ಷೈರ್‌ನಲ್ಲಿ. ಸಿಲಿಯ ಹಳಬರಿಗೆ ಇದರಿಂದ ಸ್ವಲ್ಪ ಹೊಟ್ಟೆ ಉರಿದಿದ್ದರೆ ಆಶ್ಚರ್ಯವಿಲ್ಲ.

ದಾರಿ ತಪ್ಪಿದವು ಎಂದು ಇವನ್ನೆಲ್ಲ ಕರೆಯುವುದು ಎಷ್ಟು ಸರಿ ಎಂಬ ಪ್ರಶ್ನೆಯೂ ಈಗ ಎದ್ದಿದೆ. ರಿಚರ್ಡ್ಸ್ ಪಿಪಿಟ್ ನಮ್ಮ ಗದ್ದೆಗುಬ್ಬಿಯ ದಾಯಾದಿ. ಉದ್ದ ಕಾಲಿನ, ಮಣ್ಣುಬಣ್ಣದ ಹಕ್ಕಿ. ಸೈಬೀರಿಯದಿಂದ ಚಳಿಗಾಲಕ್ಕೆ ಕರ್ನಾಟಕದ ಹುಲ್ಲುಗಾವಲುಗಳಿಗೂ ಬರುತ್ತದೆ. ಯುರೋಪಿನಲ್ಲಿ ಇದು ಪ್ರತಿ ಶರತ್ಕಾಲದಲ್ಲೂ ಅಷ್ಟಿಷ್ಟು ಕಾಣಿಸುತ್ತಿತ್ತು, ಪಾಪ, ದಿಕ್ಕುತಪ್ಪಿದ ಮರಿಗಳು ಎಂದು ಪಟ್ಟಿಗೆ ಸೇರುತ್ತಿತ್ತು. ಆದರೆ ಸಂಖ್ಯೆ ಏರುತ್ತಲೇ ಹೋದದ್ದನ್ನು ವೀಕ್ಷಕರ ಲೆಕ್ಕಗಳು ತೋರಿಸುತ್ತಿದ್ದವು. ದಕ್ಷಿಣ ಫ್ರಾನ್ಸಿನಲ್ಲಿ ಚಳಿಗಾಲ ಕಳೆಯುವ ಈ ಪಿಪಿಟ್‌ಗಳನ್ನು ಹಿಡಿದು ಕಾಲಿಗೆ ಉಂಗುರ, ಬೆನ್ನಿಗೆ ಬೆಳಕು ಅಳೆಯುವ ಉಪಕರಣ ಕಟ್ಟಿ ಸಂಶೋಧಕರು ಕಾದರು. 2021ರಲ್ಲಿ ‘ಕರೆಂಟ್ ಬಯಾಲಜಿ’ಯಲ್ಲಿ ಬಂದ ಪ್ರಬಂಧದ ಪ್ರಕಾರ, ಅವು ಸೈಬೀರಿಯಕ್ಕೆ ಮರಳಿ, ಮುಂದಿನ ಚಳಿಗಾಲಕ್ಕೆ ಮತ್ತೆ ಫ್ರಾನ್ಸಿನ ಅದೇ ಜಾಗಕ್ಕೆ ಬಂದಿದ್ದವು. ಅಂದರೆ ಅದು ತಪ್ಪಿದ ದಾರಿಯಾಗಿರಲಿಲ್ಲ, ಹೊಸ ದಾರಿ.

ಪಾರ್ಸನೇಜಿನ ಮರದಲ್ಲಿ ಕೂತ ಹಳದಿ ಹುಬ್ಬಿನ ಉಲಿಯಕ್ಕಿಯ ಬಗ್ಗೆಯೂ ಈಗ ಇದೇ ಗುಮಾನಿ. ಪಶ್ಚಿಮ ಯುರೋಪಿನಲ್ಲಿ ಅದರ ಸಂಖ್ಯೆ ಕೆಲವು ದಶಕಗಳಿಂದ ಹೆಚ್ಚುತ್ತಿದೆ. ಸಿಲಿಯಿಂದ ಹೊರಟದ್ದು ಸಮುದ್ರದಲ್ಲಿ ಮುಳುಗುತ್ತದೆಯೋ, ಸ್ಪೇನು, ಕೆನರಿ ದ್ವೀಪಗಳ ಕಡೆ ಚಳಿಗಾಲ ಕಳೆದು ವಾಪಸು ಹೋಗುತ್ತದೆಯೋ ತಿಳಿಯಬೇಕಾದರೆ ಅಕ್ಟೋಬರ್‌ನ ಸುದ್ದಿಯೊಂದೇ ಸಾಲದು. ಜನವರಿಯಲ್ಲಿ ಅಂದಲೂಸಿಯದ ಯಾವುದೋ ಕಿತ್ತಳೆ ತೋಟದಲ್ಲಿ ‘ಸುವೀಸ್ಟ್’ ಎಂದದ್ದನ್ನು ಕೇಳಿದವರು ಅದನ್ನು ಬರೆದಿಡಬೇಕು. ಅಲ್ಲಿ ಆ ಹೊತ್ತಿಗೆ ಅದನ್ನು ನೋಡಲೆಂದು ದೋಣಿ ಹತ್ತಿ ಬರುವವರು ಯಾರೂ ಇರುವುದಿಲ್ಲ.